ತೊಲೆಯೊಳಗಿನ ಮಳೆ

ನಮ್ಮ ಅಂಗಡಿಯಲ್ಲಿ ಅತಿ ಹೆಚ್ಚು ಹೋಗುವ ಮಾಲು ಪ್ಲಾಸ್ಟಿಕ್ ಎಲೆ. ಪರದೆ, ಸೋಫಾ ಬಟ್ಟೆ, ಗೋಡೆಗೆ ಅಂಟಿಸುವ ಬಣ್ಣದ ಕಾಗದ ಎಲ್ಲವನ್ನೂ ಇಟ್ಟಿದ್ದೇನೆ. ಬಳ್ಳಾರಿಯಲ್ಲಿ ಹೊಸ ಮನೆ ಕಟ್ಟಿಸಿದವರು ಬಂದು ಕರೆದರೆ ಅವರ ಜೊತೆ ಹೋಗಿ, ಅಳತೆ ಹಿಡಿದು, ಚಹಾ ಕುಡಿದು, ಒಂದಿಷ್ಟು ಹಳೆಯ ಕಥೆ ಹೇಳಿ ಬರುವುದು ನನ್ನ ಕಸುಬು. ಈಗೀಗ ಎಲ್ಲರಿಗೂ ಮನೆಯೊಳಗೆ ಹಸಿರು ಬೇಕು. ಫೋನಿನಲ್ಲಿ ನೋಡಿರುತ್ತಾರೆ: ಗೋಡೆ ತುಂಬ ಬಳ್ಳಿ, ಮೂಲೆಯಲ್ಲಿ ಸಿಪ್ಪೆ ಬಿಡಿಸದ ಮರದ ಕಂಬ, ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತ ನೆಮ್ಮದಿಯ ಹೆಂಗಸು. "ಅಂಥದ್ದೇ ಮಾಡ್ರಿ ಅಣ್ಣಾರ, ಆದ್ರ ಖರೇ ಗಿಡ ಬ್ಯಾಡ" ಎನ್ನುತ್ತಾರೆ. ಅದಿರಿನ ಲಾರಿಗಳ ಧೂಳಿಗೆ ನಿಜವಾದ ಎಲೆ ವಾರದಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಪ್ಲಾಸ್ಟಿಕ್ಕಾದರೆ ನಲ್ಲಿಯಲ್ಲಿ ನೀರು ಬಂದ ದಿನ ಒಮ್ಮೆ ಅದ್ದಿ ತೆಗೆದರಾಯಿತು.

ಇಷ್ಟು ವರ್ಷಗಳಲ್ಲಿ ನಾನು ಒಂದೇ ಒಂದು ಕೋಣೆಗೆ ನಿಜವಾದ ಮಣ್ಣು, ನಿಜವಾದ ಮರ, ನಿಜವಾದ ಬಳ್ಳಿ ತಂದೆ. ಅದು ನಮ್ಮದೇ ಮನೆಯ ಹಿಂದಿನ ಕೋಣೆ. ನಮ್ಮ ಅಕ್ಕನಿಗಾಗಿ.

ಅಕ್ಕ ನನಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವಳು. ನನಗೆ ಬುದ್ಧಿ ತಿಳಿಯುವ ಮೊದಲೇ ತಾಯಿ ಹೋಗಿದ್ದಳು. ಅಕ್ಕ ಸಿರುಗುಪ್ಪದ ಕಡೆ ಲಗ್ನವಾಗಿ ಹೋಗುವಾಗ ಸೀರೆಯ ಗಂಟಿನ ಜೊತೆ ನನ್ನನ್ನೂ ಕರೆದುಕೊಂಡು ಹೋದಳು. ಹಚ್ಚೊಳ್ಳಿಯ ಹಾದಿಯಲ್ಲಿ, ಕಾಲುವೆ ನೀರಿನ ಭತ್ತದ ಗದ್ದೆಗಳ ನಡುವೆ ಅವರ ಮಣ್ಣಿನ ಮನೆ. ನಾನು ಮಾತು ಕಲಿತದ್ದು ಅಲ್ಲಿ. ಅಕ್ಕನ ಅತ್ತೆ, ಮಾವ, ಕಳೆ ಕೀಳಲು ಬರುತ್ತಿದ್ದ ಮುದುಕಿಯರು ಎಲ್ಲರೂ ಸೇರಿ ನನಗೆ ಮಾತು ಕಲಿಸಿದರು. ಅಕ್ಕನಿಗೆ ಮಕ್ಕಳಾಗಲಿಲ್ಲ. ನಾನಿದ್ದೆ, ಗಂಡನಿದ್ದ, ಅವಳಿಗೆ ಅಷ್ಟು ಸಾಕಾಗಿತ್ತು. ದೊಡ್ಡವನಾದ ಮೇಲೆ ನಾನು ಬಳ್ಳಾರಿಗೆ, ಅಪ್ಪನ ಮನೆಗೆ ಮರಳಿದೆ.

ಕಳೆದ ಚಳಿಗಾಲದಲ್ಲಿ, ಭತ್ತದ ರಾಶಿಯಾಗುವ ದಿನಗಳಲ್ಲಿ, ಅಕ್ಕನ ಗಂಡ ಕಣದಲ್ಲೇ ಎದೆ ಹಿಡಿದುಕೊಂಡು ಕೂತವನು ಮೇಲೇಳಲಿಲ್ಲ. ಅಂದಿನಿಂದ ಅಕ್ಕನಿಗೆ ನಿದ್ದೆ ಹೋಯಿತು. ಕಡಿಮೆಯಾಯಿತು ಅಂತಲ್ಲ, ಹೋಯಿತು. ಎರಡು ತಿಂಗಳಲ್ಲಿ ಅವಳ ಕೊರಳ ಎಲುಬು ಕಾಣತೊಡಗಿದವು. ಒಲೆ ಉರಿಯುತ್ತಿರುವಾಗಲೇ ಮರೆತು ಹೊರಗೆ ಹೋಗುತ್ತಿದ್ದಳಂತೆ. ಒಂದು ದಿನ ಪಕ್ಕದ ಹೊಲದವರು ಫೋನ್ ಮಾಡಿದರು.

"ನಿಮ್ಮಕ್ಕ ದಿನಾ ಮಟಮಟ ಮಧ್ಯಾಹ್ನ ಕಾಲುವಿ ಕಟ್ಟಿ ಮ್ಯಾಲ ನಿಂತಿರ್ತಾಳ. ಮಾತಾಡಿಸಿದ್ರ ಮಾತಿಲ್ಲ. ನೀರು ನೋಡ್ಕೋತ ನಿಂತಿರ್ತಾಳ. ನಮಗ ಅಂಜಿಕಿ ಬರಾಕ ಹತ್ತೈತಿ. ಬಂದು ಕರ್ಕೊಂಡು ಹೋಗ್ರಿ."

ಅವತ್ತೇ ಹೋಗಿ ಕರೆತಂದೆ. ಅವಳು ಬೇಡ ಅನ್ನಲಿಲ್ಲ, ಬರುತ್ತೇನೆ ಅಂತಲೂ ಅನ್ನಲಿಲ್ಲ. ಕಾರಿನಲ್ಲಿ ಕೂತಳು, ಅಷ್ಟೇ.

ಬಳ್ಳಾರಿಗೆ ಬಂದರೂ ನಿದ್ದೆ ಬರಲಿಲ್ಲ. ಸಿಮೆಂಟಿನ ಕೋಣೆ, ಮೇಲೆ ಗರಗರ ತಿರುಗುವ ಫ್ಯಾನು, ಕೆಳಗೆ ಸುಡುವ ನೆಲ. ಡಾಕ್ಟರರು ಗುಳಿಗೆ ಕೊಟ್ಟರು. ಗುಳಿಗೆಯಿಂದ ಅವಳ ಕೈ ನಡುಗಿತು, ಕಣ್ಣು ಮುಚ್ಚಲಿಲ್ಲ. ಎರಡನೇ ಸಲ ಹೋದಾಗ ಅವರು ಪೆನ್ನು ಕೆಳಗಿಟ್ಟು ಹೇಳಿದರು: "ಗುಳಿಗಿ ಎಷ್ಟಂತ ಬರೀಲ್ರಿ? ಆಕಿ ಗದ್ದಿಯೊಳಗ ಬಾಳಿದಾಕಿ. ತಂದು ಕಾದ ಡಬ್ಬಿಯಾಗ ಇಟ್ಟೀರಿ. ಒಂದೀಟು ಹಸಿರು, ಒಂದೀಟು ಮಣ್ಣಿನ ವಾಸನಿ ಇರೋ ಹಂಗ ಮಾಡ್ರಿ. ನಿಮ್ಮ ಕಸಬೇ ಅದಲ್ಲೇನು?"

ಹೌದಲ್ಲ, ನನ್ನ ಕಸುಬೇ ಅದು. ಊರವರಿಗೆಲ್ಲ ಹುಸಿ ಎಲೆ ಮಾರಿದವನು ಅಕ್ಕನಿಗೆ ಖರೆಯದ್ದು ಮಾಡಿಕೊಡಬಾರದೆ?

ನಮ್ಮ ಮನೆಯ ಮುಂಭಾಗ ಸಿಮೆಂಟಿನದು. ಹಿಂದಿನ ಒಂದು ಕೋಣೆ ಮಾತ್ರ ಅಪ್ಪನ ಕಾಲದ್ದು. ಮಣ್ಣಿನ ಗೋಡೆ, ಮೇಲೆ ಮಾಳಿಗೆ. ಅಂದರೆ ಅಡ್ಡಡ್ಡ ದಪ್ಪ ಮರದ ತೊಲೆ, ಅದರ ಮೇಲೆ ಸಾಲು ಜಂತಿ, ಅದರ ಮೇಲೆ ಮೊಳ ದಪ್ಪ ಮಣ್ಣು. ನಡುವೆ ಒಂದು ಬೆಳಕಿಂಡಿ. ಬಳ್ಳಾರಿಯ ಬಿಸಿಲಿಗೂ ಆ ಕೋಣೆ ತಂಪು. ನೆಲಕ್ಕೆ ಮಾತ್ರ ನಾನೇ ಹಿಂದೊಮ್ಮೆ ಸಿಮೆಂಟು ಹಾಕಿಸಿ, ಅಂಗಡಿಯ ಬಟ್ಟೆ ಗಂಟುಗಳನ್ನು ತುಂಬಿದ್ದೆ. ಅವನ್ನೆಲ್ಲ ತೆಗೆಸಿದೆ.

ಗೋಡೆಗೆ ಹೊಸ ಮಣ್ಣಿನ ಗಿಲಾವು ಮಾಡಿಸಬೇಕು ಎಂದುಕೊಂಡೆ. ಭತ್ತದ ಹುಲ್ಲು ಬೆರೆಸಿ ತುಳಿದ ಹುತ್ತದ ಮಣ್ಣಿನಷ್ಟು ನುಣುಪು, ತಂಪು ಇನ್ನೊಂದಿಲ್ಲ ಎಂದು ಹಿರಿಯರು ಹೇಳುವುದನ್ನು ಕೇಳಿ ಬೆಳೆದವನು ನಾನು. ಹಿರಿಯರು ಅದರ ಜೊತೆ ಒಂದು ಕಟ್ಟಳೆಯನ್ನೂ ಹೇಳಿದ್ದರು. ಹುತ್ತಕ್ಕೆ ಹಾರೆ ಹಾಕುವ ಮೊದಲು ಒಂದು ಕಡ್ಡಿ ಚುಚ್ಚಿ ತೂತು ಮಾಡಿ ಮನೆಗೆ ಬರಬೇಕು. ಮರುದಿನ ಹೋಗಿ ನೋಡಿದಾಗ ತೂತು ಹಾಗೇ ಇದ್ದರೆ ಅದು ಹಾಳುಬಿದ್ದ ಹುತ್ತ, ಮಣ್ಣು ತರಬಹುದು. ತೂತು ಹಸಿ ಮಣ್ಣಿನಿಂದ ಮುಚ್ಚಿದ್ದರೆ ಒಳಗೆ ಸಂಸಾರವಿದೆ, ಕೈಮುಗಿದು ಬಂದುಬಿಡಬೇಕು. ಹುಲ್ಲು ತರಲು ಹಚ್ಚೊಳ್ಳಿಗೆ ಹೋದ ದಿನ ಕಾಲುವೆಯ ಬದುವಿನ ಮೇಲೆ ಎದೆಯೆತ್ತರದ ಹುತ್ತ ಕಂಡಿತು. ಟ್ರ್ಯಾಕ್ಟರಿನವನು ಗಡಿಬಿಡಿ ಮಾಡುತ್ತಿದ್ದ. "ಇನ್ನೊಂದು ದಿನ ಬರಾಕ ಆಗಂಗಿಲ್ಲ ನೋಡ್ರಿ, ಹಾಕ್ಸೋದಾದ್ರ ಈಗ ಹಾಕಸ್ರಿ." ಹಾಕಿಸಿದೆ. ಒಡೆದ ಹೆಂಟೆಗಳ ಒಳಮೈ ತೇವವಾಗಿತ್ತು. ಏನೋ ಬೆಳ್ಳಗೆ ಹರಿದಾಡಿದಂತೆ ಕಂಡಿತು. ನಾನು ಟ್ರ್ಯಾಕ್ಟರಿನ ಇನ್ನೊಂದು ಮಗ್ಗುಲಿಗೆ ಹೋಗಿ ನಿಂತೆ.

ಬೆಳಕಿಂಡಿಯ ಕೆಳಗೆ ನೆಲದ ಸಿಮೆಂಟನ್ನು ಚೌಕವಾಗಿ ಒಡೆಸಿ, ಅಡಿಯ ಭೂಮಿಗೇ ವೀಳ್ಯದ ಬಳ್ಳಿ ನೆಟ್ಟೆ. ಬಳ್ಳಿ ಹಬ್ಬಲು ಕೊಳಗಲ್ಲು ಹಳ್ಳಿಯಿಂದ ಒಂದು ಜಾಲಿಯ ದಿಮ್ಮಿ ತರಿಸಿದೆ. ಅದನ್ನು ನೆಲದಿಂದ ತೊಲೆಯವರೆಗೆ ಕಂಬದಂತೆ ನಿಲ್ಲಿಸಲು ಕುರುಗೋಡಿನಿಂದ ನನ್ನ ಹಳೆಯ ಬಡಿಗ ಬಂದ. ಕಲ್ಲಿನಂಥ ಮನುಷ್ಯ, ಮಾತು ಕಡಿಮೆ. ದಿಮ್ಮಿಯ ಸುತ್ತ ಒಂದು ಸುತ್ತು ಬಂದು ಹೇಳಿದ:

"ಸಿಪ್ಪಿ ತೆಗೀಬೇಕ್ರಿ ಅಣ್ಣಾರ."

"ಸಿಪ್ಪಿ ಇದ್ರೇ ಚೆಂದ ಮಾರಾಯ. ಈಗ ಎಲ್ಲಾರೂ ಹಂಗೇ ಇಡತಾರ."

"ಬುಡಕ್ಕ ಡಾಂಬರಾದ್ರೂ ಬಳೀತೀನಿ."

"ವಾಸನಿ ಬರತೈತಿ. ನಿದ್ದಿ ಮಾಡೋ ಕೋಣಿ ಅದು."

"ಚೆಂದಕ್ಕ ನಾನೇನು ಹೇಳ್ಲಿ, ಮನಿ ನಿಮ್ಮದು" ಎಂದು ದಿಮ್ಮಿಯನ್ನು ನಿಲ್ಲಿಸಿದ. ಹಳೆಯ ತೊಲೆ, ಜಂತಿಗಳು ಹೊಗೆ ಹಿಡಿದು ಕರ್ರಗಿದ್ದವು. ಅವು ಕಾಣದಂತೆ ಕೆಳಗೆ ಈಚಲ ಚಾಪೆಗಳನ್ನು ಬಿಗಿಸಿದೆವು. ಮುಗಿದ ಮೇಲೆ ನನಗೇ ಅಲ್ಲಿ ಮಲಗಿಬಿಡೋಣ ಅನ್ನಿಸುವಷ್ಟು ಸೊಗಸಾಗಿತ್ತು.

ಅಕ್ಕ ಒಳಗೆ ಬಂದವಳು ಮೊದಲು ಗೋಡೆಯ ಹತ್ತಿರ ಹೋಗಿ ಮೂಸಿ ನೋಡಿದಳು. ಬಳ್ಳಾರಿಗೆ ಬಂದ ಮೇಲೆ ಅವಳು ತಾನಾಗಿ ಆಡಿದ ಮೊದಲ ಮಾತು ಅದೇ ಇರಬೇಕು.

"ಹುತ್ತದ ಮಣ್ಣೇನಲೇ?"

"ಹೂಂ ಅಕ್ಕಾ."

"ಕಡ್ಡಿ ಚುಚ್ಚಿ ನೋಡಿದ್ಯಾ?"

"ನೋಡಿದ್ದೆ."

"ತೂತು ಹಂಗೇ ಇತ್ತಾ?"

"ಹಂಗೇ ಇತ್ತು."

ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಚಿಕ್ಕಂದಿನಲ್ಲಿ ಬೆಲ್ಲ ಕದ್ದು ತಿಂದಾಗಲೂ ಹಾಗೇ ನೋಡುತ್ತಿದ್ದಳು. ಆಮೇಲೆ ಅಂಗೈಯನ್ನು ಗೋಡೆಗೆ ಹಚ್ಚಿದಳು.

ಎರಡು ವಾರ ಏನೂ ಆಗಲಿಲ್ಲ. ಮೂರನೇ ವಾರ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗೆ ಬಟ್ಟೆ ಬಿಚ್ಚಿ ತೋರಿಸುತ್ತಿದ್ದಾಗ ಹೆಂಡತಿಯ ಫೋನು ಬಂತು. ದನಿ ಏಳುಬೀಳಾಗಿತ್ತು.

"ಏನ್ರಿ, ಲಗೂನ ಮನಿಗೆ ಬರ್ರಿ. ಅಕ್ಕಾರು..."

"ಏನಾತು?"

"ಗೊರಕಿ ಹೊಡ್ಯಾಕ ಹತ್ಯಾರ್ರೀ!"

ಗಿರಾಕಿಯನ್ನು ಬಿಟ್ಟು ಓಡಿದೆ. ನಾವಿಬ್ಬರೂ ಬಾಗಿಲಲ್ಲಿ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು. ಹೆಂಡತಿಯ ಕಣ್ಣಲ್ಲಿ ನೀರು. ಅಕ್ಕ ಮಗ್ಗುಲಾಗಿ, ಬಾಯಿ ತುಸು ತೆರೆದು, ಕೋಣನ ಹಾಗೆ ಗೊರಕೆ ಹೊಡೆಯುತ್ತಿದ್ದಳು. ಅಷ್ಟು ಚೆಂದದ ಗೊರಕೆಯನ್ನು ನಾನು ಕೇಳಿಲ್ಲ.

ಎದ್ದ ಮೇಲೆ ಚಹಾ ಕುಡಿಯುತ್ತ ಅವಳೇ ಹೇಳಿದಳು. "ಆ ಸಪ್ಪಳಕ್ಕ ನಿದ್ದಿ ಹತ್ತಿಬಿಡ್ತು."

"ಯಾವ ಸಪ್ಪಳ?"

"ಸಣ್ಣಗ, ಬಣವಿ ಮ್ಯಾಲ ಜಿನುಗು ಮಳಿ ಬಿದ್ದಂಗ. ನಿನಗ ಕೇಳ್ಸಂಗಿಲ್ಲೇನು?"

ನಾನು ಕೋಣೆಗೆ ಹೋಗಿ ಉಸಿರು ಹಿಡಿದು ನಿಂತೆ. ಏನೂ ಕೇಳಲಿಲ್ಲ. ಬೆಳಕಿಂಡಿಯ ಗಾಳಿಗೆ ವೀಳ್ಯದೆಲೆ ಅಲುಗುವ ಸದ್ದಿರಬೇಕು, ಇಲ್ಲವೇ ಚಾಪೆಯ ಗರಿ ಒಣಗಿ ಸಿಡಿಯುತ್ತಿರಬೇಕು ಎಂದುಕೊಂಡೆ. ಏನಾದರೇನು, ಅಕ್ಕನಿಗೆ ಸಿರುಗುಪ್ಪದ ಮಳೆ ಸಿಕ್ಕಿತಲ್ಲ.

ಆಮೇಲಿನ ದಿನಗಳು ನಮ್ಮ ಮನೆಯ ಒಳ್ಳೆಯ ದಿನಗಳು. ಅಕ್ಕ ನಿದ್ದೆ ಮಾಡಿದಳು, ರೊಟ್ಟಿ ತಟ್ಟಿದಳು, ನನ್ನ ಹೆಂಡತಿಯ ಪುಂಡಿಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಮೂತಿ ತಿರುವಿದಳು. ಕೆನ್ನೆ ತುಂಬಿದವು. ವೀಳ್ಯದ ಬಳ್ಳಿ ದಿಮ್ಮಿಯನ್ನು ಅರ್ಧ ಏರಿತು. ಆ ಕೋಣೆಯ ಫೋಟೋ ತೆಗೆದು ಅಂಗಡಿಯಲ್ಲಿ ಅಂಟಿಸಿದೆ. ಕುರುಗೋಡಿನವರೊಬ್ಬರು ಅದನ್ನು ನೋಡಿ, ಚೊಚ್ಚಲ ಹೆರಿಗೆಗೆ ಬರುವ ಮಗಳಿಗೆ ಇಂಥದ್ದೇ ಬಾಣಂತಿ ಕೋಣೆ ಬೇಕೆಂದರು. ಅವರಿಗೂ ಹಳೆಯ ಮಾಳಿಗೆಯ ಕೋಣೆಯಿತ್ತು. ಒಪ್ಪಿಕೊಂಡೆ.

ಕೋಣೆಯಲ್ಲಿ ಕೆಲವು ಸಣ್ಣ ಸಂಗತಿಗಳು ನಡೆಯುತ್ತಿದ್ದವು. ಬೆಳಿಗ್ಗೆ ಹಾಸಿಗೆಯ ಮೇಲೆ ತಿಳಿಹಳದಿ ಪುಡಿ, ಜರಡಿ ಹಿಡಿದ ಜೋಳದ ಹಿಟ್ಟಿನಷ್ಟು ನಯ. ಅಕ್ಕ ಅದನ್ನು ತಾನೇ ಕೊಡವಿ ಗುಡಿಸುತ್ತಿದ್ದಳು, ಬೇರೆಯವರಿಗೆ ಪೊರಕೆ ಕೊಡುತ್ತಿರಲಿಲ್ಲ. ದಿಮ್ಮಿಯ ಸಿಪ್ಪೆಯ ಸಂದಿನಲ್ಲಿ ಬೆರಳಗಲದ ಮಣ್ಣಿನ ಗೆರೆಯೊಂದು ಎದ್ದಿತ್ತು. ಬಳ್ಳಿಗೆ ಹಾಕಿದ ನೀರು ಸಿಡಿದು ಆದದ್ದು ಎಂದು ನಾನು ನಂಬಿದೆ. ಒಮ್ಮೆ ಒರಗಿ ನಿಂತಾಗ ದಿಮ್ಮಿ ಬೆನ್ನಿಗೆ ಬೆಚ್ಚಗೆ ಹತ್ತಿತು. ಬಿಸಿಲು ಆ ಮೂಲೆಗೆ ಬೀಳುತ್ತಿರಲಿಲ್ಲ.

ಮುಂಗಾರಿನ ಮೊದಲ ದೊಡ್ಡ ಮಳೆ ಸುರಿದ ಮರುದಿನ ಇಳಿಹೊತ್ತಿಗೆ ಅಕ್ಕನಿಗೆ ಚುರುಮುರಿ ಒಯ್ದೆ. ಬಾಗಿಲು ಒಳಗಿನಿಂದ ಮುಚ್ಚಿತ್ತು. ಎರಡು ಸಲ ಬಡಿದ ಮೇಲೆ ತೆಗೆದಳು. ನೆಲದ ಮೇಲೆ, ಹಾಸಿಗೆಯ ಮೇಲೆ, ಅವಳ ಹೆಗಲ ಮೇಲೆ, ತಲೆಗೂದಲಲ್ಲಿ ರೆಕ್ಕೆಗಳು. ಮಳೆಹುಳದ ರೆಕ್ಕೆ, ಗಾಜಿನ ಚೂರಿನ ಹಾಗೆ ತೆಳ್ಳಗಿನವು. ಅವಳು ಅವನ್ನೆಲ್ಲ ಮೊರಕ್ಕೆ ಗುಡಿಸಿ ತುಂಬುತ್ತಿದ್ದಳು.

"ಇಷ್ಟೆಲ್ಲಾ ಎಲ್ಲಿಂದ ಬಂದ್ವು?"

"ಬೆಳಕಿಂಡಿಯಿಂದ ಬಂದಾವು. ಮಳಿ ಆತಲ್ಲ."

ತಲೆಯೆತ್ತಿ ನೋಡಿದೆ. ಬೆಳಕಿಂಡಿಯ ಗಾಜು ಮುಚ್ಚಿತ್ತು. ಮಳೆ ಬರುತ್ತದೆಂದು ಹಿಂದಿನ ದಿನ ನಾನೇ ಮುಚ್ಚಿದ್ದೆ. ಅದನ್ನು ಹೇಳಲು ಬಾಯಿ ತೆರೆದೆ. ಅಕ್ಕ ರೆಕ್ಕೆಗಳನ್ನು ಬಳ್ಳಿಯ ಬುಡಕ್ಕೆ ಸುರಿದು, "ಚುರುಮುರಿ ಮೆತ್ತಗಾಗತಾವ, ಕೊಡಿಲ್ಲಿ" ಎಂದಳು. ನಾನು ಕೊಟ್ಟೆ. ಅವಳ ಮುಖದಲ್ಲಿ ಅಷ್ಟು ನೆಮ್ಮದಿಯಿತ್ತು. ಅದನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ.

ಕುರುಗೋಡಿನ ಬಾಣಂತಿ ಕೋಣೆಗೂ ಇದೇ ಅಳತೆಯ ಮಂಚ ಬೇಕಿತ್ತು. ಅಳತೆ ತೆಗೆದುಕೊಳ್ಳಲು ಬಡಿಗ ಶ್ರಾವಣದ ಮೊದಲ ವಾರ ಬಂದ. ಅಕ್ಕ ಮಂಚದ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು. ಬಡಿಗ ಟೇಪು ಬಿಚ್ಚಿ ಬಗ್ಗಿದವನು ಹಾಗೇ ನಿಂತುಬಿಟ್ಟ. ಕೈ ಎತ್ತಿ ನನಗೆ ಸುಮ್ಮನಿರಲು ಸನ್ನೆ ಮಾಡಿದ. ಕಿವಿಯನ್ನು ದಿಮ್ಮಿಗೆ ಇಟ್ಟ.

"ಇಲ್ಲಿ ಬರ್ರಿ. ಕಿವಿ ಇಡ್ರಿ."

ಇಟ್ಟೆ. ಅವತ್ತು ನನಗೂ ಕೇಳಿಸಿತು. ಒಣಹುಲ್ಲಿನ ಮೇಲೆ ಜಿನುಗು ಮಳೆ. ಹತ್ತಿರದಲ್ಲೇ, ಮರದೊಳಗೆ, ಒಂದೇ ಸಮನೆ, ಬಿಡುವಿಲ್ಲದೆ.

"ಒರಲಿ" ಎಂದ ಬಡಿಗ. ನಮ್ಮ ಕಡೆ ಗೆದ್ದಲಿಗೆ ಹಾಗೆನ್ನುತ್ತಾರೆ. ಹೆಬ್ಬೆರಳಿಂದ ದಿಮ್ಮಿಯನ್ನು ಒತ್ತಿದ. ಬೆರಳು ಹಪ್ಪಳದೊಳಕ್ಕೆ ಹೋದಂತೆ ಒಳಗೆ ಹೋಯಿತು. ಸ್ಟೂಲು ಹಾಕಿ ಹತ್ತಿ, ಚಾಪೆಯ ಒಂದು ಮೂಲೆಯನ್ನು ಕಿತ್ತು ಇಳಿಬಿಟ್ಟ. ನಡುವಿನ ತೊಲೆಯ ತುಂಬ ಮಣ್ಣಿನ ನರಗಳು, ಮುದುಕರ ಕೈಮೇಲಿನ ನರಗಳಂತೆ ಉಬ್ಬಿಕೊಂಡು, ದಿಮ್ಮಿಯ ತಲೆಯಿಂದ ಹೊರಟು ಎರಡೂ ಕಡೆ ಗೋಡೆಯವರೆಗೆ ಹೋಗಿದ್ದವು. ಮುಷ್ಟಿಯಿಂದ ತೊಲೆಯನ್ನು ತಟ್ಟಿದ. "ಟಣ್ ಅನಬೇಕ್ರಿ ಇದು. ಬುಸ್ ಅಂತೈತಿ ನೋಡ್ರಿ." ಉಳಿಯನ್ನು ಇಟ್ಟು ಮೆಲ್ಲಗೆ ನೂಕಿದ, ಸುತ್ತಿಗೆಯಿಂದ ಹೊಡೆಯಲೂ ಇಲ್ಲ. ಹಿಡಿಯವರೆಗೆ ಇಳಿಯಿತು.

"ನಾನು ತಂದ ಹುತ್ತದ ಮಣ್ಣಿಂದನಾ?" ಎಂದು ಕೇಳಿದೆ.

"ಅದು ಹ್ಯಾಂಗ ಗೊತ್ತಾಗಬೇಕ್ರಿ? ಇಷ್ಟು ತಿನ್ನಬೇಕಂದ್ರ ಇವು ಈ ವರ್ಷದವಲ್ಲ. ಈ ನೆಲದ ಕೆಳಗ ಮೊದ್ಲಿಂದ ಇದ್ದಿರಬೇಕು. ಸಿಮೆಂಟ್ ಇತ್ತು, ದಾರಿ ಇರ್ಲಿಲ್ಲ. ನೀವು ನೆಲ ಒಡದು ಬಾಗಿಲ ಮಾಡಿಕೊಟ್ರಿ, ಹುಲ್ಲು ಬೆರಸಿ ಊಟ ಇಟ್ರಿ, ಏರಾಕ ನಿಚ್ಚಣಿಕಿ ನಿಲ್ಲಿಸಿದ್ರಿ." ಕೆಳಗಿಳಿದು ಅಕ್ಕನ ಕಡೆ ತಿರುಗಿದ. "ಅಕ್ಕಾರ, ಮ್ಯಾಲ ಮೊಳದಷ್ಟು ಮಣ್ಣೈತಿ, ಮಳಿ ನೀರು ಕುಡಿದೈತಿ. ಇವತ್ತಿಂದ ಇಲ್ಲಿ ಮಲಗಬ್ಯಾಡ್ರಿ."

ಅಕ್ಕ ಬತ್ತಿ ಹೊಸೆಯುವುದನ್ನು ನಿಲ್ಲಿಸಿರಲಿಲ್ಲ. "ಆಚಾರ್ರೇ, ಆ ಚಾಪಿ ಮೊದಲಿನಂಗ ಮುಚ್ಚಿಬಿಡ್ರಿ. ಕಸ ಬೀಳತೈತಿ" ಎಂದಳು.

ತೊಲೆ ಬದಲಿಸದೆ ಗತಿಯಿರಲಿಲ್ಲ. ಬಡಿಗ ಮರುದಿನವೇ ಬರುತ್ತೇನೆಂದ. ಅಕ್ಕ ಅಡ್ಡ ಬಂದಳು. ನಾಗರಪಂಚಮಿಗೆ ಇನ್ನು ನಾಲ್ಕು ದಿನವಿತ್ತು. ನಾಗಪ್ಪನಿಗೆ ಹಾಲೆರೆಯುವ ದಿನಗಳಲ್ಲಿ ನಮ್ಮಲ್ಲಿ ನೆಲ ಅಗೆಯುವುದಿಲ್ಲ, ಮಣ್ಣು ಕೆಡವುವುದಿಲ್ಲ. "ಹುತ್ತದ ಮಣ್ಣಿನ ಗ್ವಾಡಿ ಇದು. ಪಂಚಮಿ ಹೊತ್ನ್ಯಾಗ ಹಾರಿ ಹಾಕ್ತೀಯೇನು? ನಾನಿರೋತನಕ ಆಗಂಗಿಲ್ಲ." ಹಿರಿಯರ ಮಾತು. ನಾನು ಅದನ್ನು ಒಮ್ಮೆ ಮೀರಿ, ಸುಳ್ಳು ಹೇಳಿ ಆಗಿತ್ತು. ಎರಡನೇ ಸಲ ಮೀರಲು ಧೈರ್ಯ ಸಾಲಲಿಲ್ಲ. ಬಡಿಗ ಒಂದು ಕಬ್ಬಿಣದ ಕೊಳವೆಯನ್ನು ತೊಲೆಯ ನಡುವಿಗೆ ಆನಿಸಿ ನಿಲ್ಲಿಸಿ, ತಲೆ ಅಲ್ಲಾಡಿಸುತ್ತ ಹೋದ.

ಅವಳನ್ನು ಮುಂದಿನ ಹಾಲಿಗೆ ಕರೆತಂದು, ಕೂಲರ್ ಹಚ್ಚಿ ಮಲಗಿಸಿದೆವು. ಎರಡು ದಿನ ರೆಪ್ಪೆ ಮುಚ್ಚಲಿಲ್ಲ. ಮೂರನೇ ದಿನ ಮಧ್ಯಾಹ್ನ ಊಟ ಮುಗಿಸಿ ನೋಡುತ್ತೇನೆ, ಹಾಸಿಗೆ ಖಾಲಿ. ಹಿಂದಿನ ಕೋಣೆಗೆ ಹೋಗಿ ತೊಲೆಯ ಕೆಳಗೇ, ತನ್ನ ಮಂಚದ ಮೇಲೆ ಮಲಗಿಬಿಟ್ಟಿದ್ದಳು. ಎಬ್ಬಿಸಿದೆ. ನನ್ನ ಮೇಲೆ ಅಷ್ಟು ಸಿಟ್ಟಾದದ್ದನ್ನು ನಾನೆಂದೂ ನೋಡಿರಲಿಲ್ಲ.

"ಯಾರಿಗೆ ಹೆದರಸ್ತೀಯಲೇ? ಈಟು ದಿನಕ್ಕ ಒಂದು ನಿದ್ದಿ ಸಿಕ್ಕೈತಿ. ಅದನ್ನೂ ಕಸ್ಗಂತೀರೇನು?"

ಹೆಂಡತಿ ಬಾಗಿಲಲ್ಲಿ ನಿಂತು ಅಳತೊಡಗಿದಳು. ನಾನು ಒಂದು ಕುರ್ಚಿ ತಂದು, ಅದೇ ತೊಲೆಯ ಕೆಳಗೆ, ಅಕ್ಕನ ಮಂಚದ ಪಕ್ಕ ಕೂತೆ. ಅವಳನ್ನು ಎತ್ತಿ ಒಯ್ಯಲು ಆಗದಿದ್ದರೆ ಜೊತೆಗಾದರೂ ಇರೋಣ ಎಂದು. ಹೊರಗೆ ಸೋನೆ ಹಿಡಿದಿತ್ತು. ಮಾಳಿಗೆ ನೀರು ಕುಡಿಯುತ್ತಿತ್ತು. ಕೊಳವೆ ಆಗಾಗ ಕಿರ್ ಎನ್ನುತ್ತಿತ್ತು. ತಲೆಯ ಮೇಲೆ ಇನ್ನೊಂದು ಮಳೆ ಸುರಿಯುತ್ತಲೇ ಇತ್ತು. ಅಕ್ಕ ಹಾಯಾಗಿ ಗೊರಕೆ ಹೊಡೆದಳು. ಆ ಗೊರಕೆಗೆ ಹಿಂದೊಮ್ಮೆ ನಕ್ಕವನು ನಾನೇ ಎಂದು ನಂಬಲಾಗಲಿಲ್ಲ.

ಪಂಚಮಿಯ ಮರುದಿನ ಬೆಳಿಗ್ಗೆ ಅವಳಿಗೆ ಸುಳ್ಳು ಹೇಳಿ ಕಾರು ಹತ್ತಿಸಿದೆ. ಸಿರುಗುಪ್ಪದ ಮನೆಯ ಬೀಗ ತೆಗೆದು ಗಾಳಿಯಾಡಿಸಿ ಬರೋಣ, ಹಾಗೇ ಕೆಂಚನಗುಡ್ಡಕ್ಕೆ ಹೋಗಿ ಹೊಳೆ ನೋಡೋಣ ಅಂದೆ. ನಾವು ಕುರುಗೋಡಿನ ಗುಡ್ಡ ದಾಟುವ ಹೊತ್ತಿಗೆ ಬಡಿಗ ಮನೆಯೊಳಗೆ ಕಾಲಿಡಬೇಕು, ಸಂಜೆಯೊಳಗೆ ಹಳೆಯ ತೊಲೆ ಇಳಿಸಬೇಕು ಎಂದು ಮಾತಾಗಿತ್ತು.

ಹಾದಿಯುದ್ದಕ್ಕೂ ನಾಟಿ ನಡೆದಿತ್ತು. ಅಕ್ಕ ಗದ್ದೆಗಳನ್ನು ನೋಡಲಿಲ್ಲ. ಕೆಂಚನಗುಡ್ಡದಲ್ಲಿ ತುಂಗಭದ್ರೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಹೊಳೆಯಿಂದ ದೂರ, ಹಳೆಯ ಗೋಡೆಯ ನೆರಳಲ್ಲಿ ಚಾಪೆ ಹಾಸಿ, "ಒಂದೀಟು ಮಲಗು ಅಕ್ಕಾ, ಗಾಳಿ ಚೊಲೋ ಐತಿ" ಅಂದೆ. ಮಲಗಿದಳು. ನೀರಿನ ಸದ್ದು, ಮರದ ಸದ್ದು, ಹಕ್ಕಿಯ ಸದ್ದು. ನನ್ನ ಗಿರಾಕಿಗಳು ಫೋನಿನಲ್ಲಿ ಹಾಕಿಕೊಂಡು ಕೇಳುವುದೆಲ್ಲ ಅಲ್ಲಿ ಪುಕ್ಕಟೆ ಇತ್ತು. ಅವಳ ಕಣ್ಣು ಮಾತ್ರ ತೆರೆದೇ ಇದ್ದವು.

"ಗದ್ಲ ಭಾಳ ಐತಿ ಇಲ್ಲಿ. ಮನಿಗಿ ಹೋಗೂನು ನಡಿ."

ಅಷ್ಟರಲ್ಲಿ ಬಡಿಗನ ಫೋನು. ನಾನು ಎದ್ದು ದೂರ ಹೋದೆ.

"ಅಣ್ಣಾರ, ಯಾರಿಗೂ ಏನೂ ಆಗಿಲ್ಲ, ಮೊದಲು ಅದನ್ನ ಕೇಳ್ರಿ" ಎಂದ. ಅವನ ಉಸಿರು ಇನ್ನೂ ಏರುತ್ತಿತ್ತು. ಎರಡನೆಯ ಆಸರೆ ತರಲೆಂದು ಬಾಗಿಲಿಗೆ ಹೋಗಿದ್ದಾಗ, ಯಾರೂ ಮುಟ್ಟದೆಯೇ, ತೊಲೆ ನಡುವಿಗೆ ಮುರಿದು ಮಾಳಿಗೆಯೆಲ್ಲ ಕೂತುಬಿಟ್ಟಿತಂತೆ. "ಸಪ್ಪಳಾನೂ ಆಗ್ಲಿಲ್ರಿ. ದೊಡ್ಡವರು ನಿಟ್ಟುಸಿರು ಬಿಟ್ಟಂಗ ಆತು, ಅಷ್ಟೇ. ಫೋಟೋ ಕಳಿಸೀನಿ."

ಫೋಟೋದಲ್ಲಿ ಕೋಣೆಯಿರಲಿಲ್ಲ. ಮೇಲೆ ಆಕಾಶ, ಕೆಳಗೆ ಒದ್ದೆ ಮಣ್ಣಿನ ದಿಬ್ಬ. ದಿಬ್ಬದೊಳಗಿಂದ ಮಂಚದ ಒಂದು ಕಾಲು ಹೊರಗೆ ಚಾಚಿತ್ತು. ಹಿಂದಿನಿಂದ ಅಕ್ಕನ ಕೈ ಬಂದು ಫೋನು ತೆಗೆದುಕೊಂಡಿತು. ನಾನು ತಡೆಯಲಿಲ್ಲ. ಎರಡು ಬೆರಳಿಂದ ಚಿತ್ರವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು.

"ತಲಿ ಇಡೋ ಕಡೀಗೇ ಬಿದ್ದೈತಿ" ಎಂದಳು.

ಆ ದನಿಯಲ್ಲಿ ಹೆದರಿಕೆಯಿರಲಿಲ್ಲ. ಬಸ್ಸು ತಪ್ಪಿಸಿಕೊಂಡವರು ಖಾಲಿ ರಸ್ತೆ ನೋಡುತ್ತ ಮಾತಾಡುವ ದನಿ ಅದು.

"ಅಕ್ಕಾ. ಅದು ಒರಲಿ ಸಪ್ಪಳ ಅಂತ ನಿನಗ ಗೊತ್ತಿತ್ತಾ?"

"ಹುಟ್ಟಿದಾಗಿಂದ ಮಣ್ಣಿನ ಮನ್ಯಾಗ ಇದ್ದಾಕಿಲೇ ನಾನು. ಗೊತ್ತಾಗಂಗಿಲ್ಲೇನು?"

"ಯಾವಾಗಿಂದ?"

"ಸಪ್ಪಳ ಕೇಳಿದ ಮೊದಲನೇ ದಿನದಿಂದ."

"ಮತ್ಯಾಕ ಹೇಳ್ಲಿಲ್ಲ?"

ಹೊಳೆಯ ಕಡೆ ನೋಡಿದಳು. ನನಗೇ ಗೊತ್ತಿಲ್ಲದಂತೆ ಅವಳ ಸೆರಗಿನ ಚುಂಗನ್ನು ಹಿಡಿದುಕೊಂಡಿದ್ದೆ, ಸಣ್ಣವನಿದ್ದಾಗ ಸಂತೆಯಲ್ಲಿ ಹಿಡಿಯುತ್ತಿದ್ದ ಹಾಗೆ.

"ಇವತ್ತು ಎಷ್ಟು ತಿಂದಾವು, ಇನ್ನೆಷ್ಟು ಉಳಿದೈತಿ ಅಂತ ಎಣಿಸ್ಕೋತ ಮಲಗ್ತಿದ್ದೆ. ನಾನೇನೂ ಮಾಡೋದು ಬೇಕಿರ್ಲಿಲ್ಲ, ಅವೇ ಮಾಡ್ತಿದ್ವು. ಎಣಿಸ್ಕೋತ ಎಣಿಸ್ಕೋತ ನಿದ್ದಿ ಹತ್ತಿಬಿಡ್ತಿತ್ತು." ನನ್ನ ಕಡೆ ತಿರುಗಿ, "ನೀನು ಕುರ್ಚಿ ಹಾಕ್ಕೊಂಡು ಪಕ್ಕಕ್ಕ ಕುಂತ್ಯಲ್ಲ, ಅವತ್ತು ಎಣಿಕಿ ತಪ್ಪಿತು" ಎಂದಳು.

ಅವತ್ತು ಮನೆಗೆ ಹೇಗೆ ಗಾಡಿ ಓಡಿಸಿಕೊಂಡು ಬಂದೆನೋ ನೆನಪಿಲ್ಲ. ಸೆರಗು ಬಿಟ್ಟು ಸ್ಟೇರಿಂಗು ಹಿಡಿಯಲು ಕಷ್ಟವಾದದ್ದು ಮಾತ್ರ ನೆನಪಿದೆ.

ಕುರುಗೋಡಿನವರಿಗೆ ಹೋಗಿ, ನಡೆದದ್ದನ್ನು ಹೇಳಿ, ಬಾಣಂತಿ ಕೋಣೆಯ ಕೆಲಸ ಬಿಟ್ಟುಬಿಟ್ಟೆ. ಹಿಂದಿನ ಕೋಣೆಗೆ ಈಗ ಕಬ್ಬಿಣದ ತೊಲೆ, ತಗಡಿನ ಮಾಡು. ನೆಲದ ಚೌಕವನ್ನು ಸಿಮೆಂಟಿನಿಂದ ಮುಚ್ಚಿಸಿದ್ದೇನೆ. ಅದರ ಕೆಳಗೆ ಅವು ಇವೆ ಎಂಬುದು ಗೊತ್ತಿದ್ದೂ ಅದರ ಮೇಲೆ ಓಡಾಡುತ್ತೇವೆ. ಡಾಕ್ಟರರಿಗೆ ಅಕ್ಕ ಹೊಳೆದಂಡೆಯಲ್ಲಿ ಆಡಿದ ಮಾತನ್ನೆಲ್ಲ ಹೇಳಿದೆ. ಅವರು ಮನಸ್ಸಿನ ಡಾಕ್ಟರರೊಬ್ಬರಿಗೆ ಚೀಟಿ ಬರೆದುಕೊಟ್ಟರು. ಅವಳನ್ನು ಒಬ್ಬಳನ್ನೇ ಬಿಡಬೇಡಿ ಎಂದು ಹೊಸ ಡಾಕ್ಟರರು ನನ್ನನ್ನೂ ಹೆಂಡತಿಯನ್ನೂ ಬೇರೆ ಬೇರೆಯಾಗಿ ಕೂರಿಸಿ ಹೇಳಿದರು. ಹದಿನೈದು ದಿನಕ್ಕೊಮ್ಮೆ ಕರೆದುಕೊಂಡು ಹೋಗುತ್ತೇವೆ. ಸುಧಾರಿಸುತ್ತಾಳೆ, ಹೊತ್ತು ಹಿಡಿಯುತ್ತದೆ ಎನ್ನುತ್ತಾರೆ.

ಮಧ್ಯಾಹ್ನ ಈಗ ನಾನು ಅಂಗಡಿ ಮುಚ್ಚುತ್ತೇನೆ. ಹಾಲಿನಲ್ಲಿ ಅಕ್ಕನ ಹಾಸಿಗೆಯ ಪಕ್ಕ ಕೂತು ಕಥೆ ಹೇಳುತ್ತೇನೆ. ಅವಳೇ ನನಗೆ ಹೇಳಿದವು, ಅವಳ ಅತ್ತೆ ಹೇಳಿದವು, ಕಳೆ ಕೀಳುವ ಮುದುಕಿಯರು ಹೇಳಿದವು. ದನಿಯನ್ನು ಏರಿಸದೆ, ಇಳಿಸದೆ, ಒಂದೇ ಸಮನೆ. ಒಮ್ಮೊಮ್ಮೆ ಅವಳ ಉಸಿರು ಉದ್ದವಾಗುತ್ತದೆ, ಬೆರಳುಗಳು ಸಡಿಲವಾಗುತ್ತವೆ. ಅದು ನಿದ್ದೆಯೋ, ಮತ್ತೆ ಏನನ್ನಾದರೂ ಎಣಿಸುತ್ತಿದ್ದಾಳೋ ನನಗೆ ತಿಳಿಯುವುದಿಲ್ಲ. ಗೊತ್ತಿದ್ದ ಕಥೆಗಳು ಎಂದೋ ಮುಗಿದಿವೆ. ಈಗ ಹೇಳುತ್ತಿರುವುದೆಲ್ಲ ಆ ಕ್ಷಣಕ್ಕೆ ಬಾಯಿಗೆ ಬಂದದ್ದು.

ನಿನ್ನೆ ಮಾತಿನ ನಡುವೆ ನೀರು ಕುಡಿಯಲೆಂದು ಅರೆಗಳಿಗೆ ನಿಂತೆ. ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಮುಂದ?"